ಎಣ್ಣೆ ಡಬ್ಬದ ನಾಲ್ಕು ಸೆಕೆಂಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕಾಮಯಗೌಂಡನ್‌ಪಟ್ಟಿಯ ನಮ್ಮ ಸೋದರತ್ತೆಯ ತೋಟದಲ್ಲಿ ಎರಡು ಸಾಲು ದ್ರಾಕ್ಷಿಯನ್ನು ಗೊರವಂಕಗಳ ಪಾಲು ಮಾಡಿದವನು ನಾನೇ. ನಾನು ಹೇಳದಿದ್ದರೆ ನೆಂಟರಲ್ಲಿ ಯಾರಾದರೂ ಹೇಳುತ್ತಾರೆ. ಅವರ ಬಾಯಲ್ಲಿ ಎರಡು ಸಾಲು ನಾಲ್ಕಾಗುತ್ತದೆ. ಅದಕ್ಕೇ ಈ ಅವಸರ.

ನೆನಪಾದದ್ದು ಇವತ್ತು ಬೆಳಿಗ್ಗೆ, ದಿಂಡುಗಲ್ ಬಸ್ ನಿಲ್ದಾಣದಲ್ಲಿ. ಒಬ್ಬಾಕೆ ಬುಟ್ಟಿ ತುಂಬ ಪನ್ನೀರ್ ದ್ರಾಕ್ಷಿ ಇಟ್ಟುಕೊಂಡು ಕೂತಿದ್ದಳು. ಆ ಹಣ್ಣಿನ ವಾಸನೆ ಗೊತ್ತಲ್ಲ ನಿಮಗೆ? ಗೊತ್ತಿಲ್ಲದಿದ್ದರೆ, ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವಾಗ ಪಕ್ಕದಲ್ಲೇ ಯಾರೋ ಬೆಲ್ಲ ಕಾಯಿಸುತ್ತಿದ್ದಾರೆ ಎಂದುಕೊಳ್ಳಿ. ನಾನು ಒಂದು ಮದುವೆಗೆ ಡಿಜೆ ಹಾಕಲು ಹೊರಟಿದ್ದೆ. ಹೆಗಲಲ್ಲಿ ಲ್ಯಾಪ್‌ಟಾಪು, ಕಿವಿಯಲ್ಲಿ ಡ್ರಮ್ಮು. ವಾಸನೆ ಮೂಗಿಗೆ ಬಡಿದದ್ದೇ ತಡ, ಡ್ರಮ್ಮು ಎಣ್ಣೆ ಡಬ್ಬವಾಗಿಬಿಟ್ಟಿತು.

ಡಬ್ಬ ಅತ್ತೆಯದು. ಹಣ್ಣು ಕಪ್ಪಾಗುವ ಕಾಲಕ್ಕೆ ಬೆಳಕು ಹರಿಯುತ್ತಲೇ ಹಕ್ಕಿಗಳು ಬರುತ್ತವೆ. ಅತ್ತೆ ಖಾಲಿ ಎಣ್ಣೆ ಡಬ್ಬವನ್ನು ಸೊಂಟಕ್ಕೆ ಒತ್ತಿಕೊಂಡು, ದ್ರಾಕ್ಷಿ ಚಪ್ಪರದ ಅಡಿ ಬಗ್ಗಿ ನಡೆಯುತ್ತ ಕೋಲಿನಿಂದ ಬಾರಿಸುತ್ತಾಳೆ. ಡಣ್. ಡಡಣ್ ಡಣ್. ಆಮೇಲೆ ಸುಮ್ಮನೆ. ಮುಗಿಯಿತೇನೋ ಅನ್ನುವಾಗ, ಡಕ್! ನಾನು ಊರಿನವರನ್ನೆಲ್ಲ ಅಣಕಿಸಿ ಮುಗಿಸಿದವನು: ಕಂಡಕ್ಟರನ ಮೂಗುದನಿ, ಹಾಲಿನ ಸೊಸೈಟಿಯ ಕಾರ್ಯದರ್ಶಿಯ ಕೆಮ್ಮು, ಕನ್ನಡಿ ಮುಂದೆ ಹೀರೋ ಆಗುವ ನನ್ನನ್ನೂ ಬಿಟ್ಟಿಲ್ಲ. ನಮ್ಮ ಮನೆಮಾತು ಕನ್ನಡವಾದರೂ ನಾನು ಮೂರನೇ ಮಾತಿಗೇ ತಮಿಳಿಗೆ ಜಾರುವವನು. ಅಜ್ಜಿಯನ್ನು ಅಣಕಿಸುವಾಗ ಮಾತ್ರ ಬಾಯಲ್ಲಿ ಅಚ್ಚ ಕನ್ನಡ ಬರುತ್ತದೆ. ಇಂಥ ನನ್ನ ಬಾಯಿಗೂ ಆ ಡಬ್ಬ ಸಿಕ್ಕಿರಲಿಲ್ಲ.

ಆ ಎರಡು ಸಾಲಿನ ಸಂಗತಿ ನಡೆದಾಗ ನನಗೆ ಆಗಷ್ಟೇ ಬ್ರೇಕ್‌ಬೀಟ್ ಹುಚ್ಚು ಹಿಡಿದಿತ್ತು. ಏನದು ಅಂತೀರಾ? ಸ್ವಲ್ಪ ಕೂತುಕೊಳ್ಳಿ. ಅಮೆರಿಕದ ಹಳೆಯ ರೆಕಾರ್ಡುಗಳಲ್ಲಿ ಹಾಡುಗಾರ ಉಸಿರು ಬಿಡುವಾಗ, ಕಹಳೆ ಗಿಟಾರು ಎಲ್ಲ ಬಾಯಿ ಮುಚ್ಚಿ, ಕೆಲವೇ ಸೆಕೆಂಡು ಡ್ರಮ್ಮಿನವನೊಬ್ಬನೇ ಉಳಿಯುತ್ತಾನೆ. ಅದೇ ಬ್ರೇಕ್. ನ್ಯೂಯಾರ್ಕಿನ ಬಡ ಕೇರಿಗಳಲ್ಲಿ ರೆಕಾರ್ಡು ಹಾಕುತ್ತಿದ್ದವರು ಒಂದು ವಿಷಯ ಗಮನಿಸಿದರು: ಜನ ಹಾಡಿಗೆ ತೂಗುತ್ತಾರೆ, ಆ ತುಣುಕು ಬಂದರೆ ಮೈಮೇಲೆ ಬಂದವರಂತೆ ಕುಣಿಯುತ್ತಾರೆ. ಸರಿ, ಒಂದೇ ರೆಕಾರ್ಡಿನ ಎರಡು ಪ್ರತಿ ತಂದರು. ಇದರಲ್ಲಿ ತುಣುಕು ಮುಗಿಯುವಾಗ ಅದರಲ್ಲಿ ಶುರು. ಅದು ಮುಗಿಯುವಷ್ಟರಲ್ಲಿ ಇದನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಶುರು. ನಾಲ್ಕು ಸೆಕೆಂಡು ನಾಲ್ಕು ನಿಮಿಷವಾಯಿತು! ಅದರ ಮೇಲೆ ಹುಡುಗರು ಪ್ರಾಸ ಕಟ್ಟಿ ಮಾತಾಡಿದರು, ಹಿಪ್‌ಹಾಪ್ ಆಯಿತು. ಮುಂದೆ ಇಂಗ್ಲೆಂಡಿನವರು ಅದೇ ತುಣುಕಿನ ವೇಗ ಏರಿಸಿ, ಈರುಳ್ಳಿಯಂತೆ ಕೊಚ್ಚಿ, ಹಿಂದುಮುಂದು ಮಾಡಿ ಜೋಡಿಸಿದರು. ಜಂಗಲ್ ಎಂದರು, ಡ್ರಮ್ ಅಂಡ್ ಬೇಸ್ ಎಂದರು. ಇದನ್ನೆಲ್ಲ ತಿಳಿದ ದಿನ ನಾನು ಅನ್ನದ ತಟ್ಟೆಯನ್ನೇ ಬಾರಿಸಿ ಅವ್ವನಿಂದ ಬೈಸಿಕೊಂಡೆ.

ಅಂಥ ದಿನಗಳಲ್ಲೇ ಕೊಂಬೈಯಲ್ಲಿ ಅತ್ತೆಯ ಮಗಳ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ ಬಂತು. ಮಗುವಿನ ತಾಯಿಯ ತವರಿನವರು ತಟ್ಟೆಗಳಲ್ಲಿ ಹಣ್ಣು, ಬಟ್ಟೆಯ ಉಡುಗೊರೆ, ಅದೇ ಸೀರು, ಹೊತ್ತು ತರಬೇಕು. ಅತ್ತೆ ಬೀಗರ ಮನೆಯಲ್ಲಿ, "ಹಣ್ಣು ಅಂಗಡೀದಲ್ಲ, ನಾನೇ ಬೆಳ್ದದ್ದು, ಏಳು ತಟ್ಟೆ" ಎಂದು ಎಲ್ಲರೆದುರು ಮಾತು ಕೊಟ್ಟುಬಿಟ್ಟಿದ್ದಳು. ಅದಕ್ಕೆಂದೇ ಬಾವಿ ಪಕ್ಕದ ಎರಡು ಸಾಲನ್ನು ಕೊಯ್ಯದೆ ಉಳಿಸಿದ್ದಳು. ಕೆಲಸಕ್ಕೆ ಕೈಯಾಗಲೆಂದು ತಾನು ಮೂರು ದಿನ ಮೊದಲೇ ಕೊಂಬೈಗೆ ಹೊರಟು, ಡಬ್ಬವನ್ನು ನನ್ನ ಕೈಗಿತ್ತಳು.

"ಮಾಪ್ಳೆ," ಎಂದಳು. ಸೋದರಳಿಯನನ್ನು ನಮ್ಮಲ್ಲಿ ಹಾಗೇ ಕರೆಯುವುದು. "ಒಂದೇ ತರ ಹೊಡೀಬ್ಯಾಡ. ಯಾರೋ ಬತ್ತಾವ್ರೆ ಅನ್ನಂಗಿರ್ಬೇಕು. ಹಕ್ಕಿ ನಿನ್ನಂಗಲ್ಲ, ಅದ್ಕೆ ಬುದ್ಧಿ ಉಂಟು."

"ಒಂದ್ ಸಲ ನೀ ಹೊಡಿ ಅತ್ತೆ, ಫೋನಲ್ಲಿ ಹಿಡ್ಕೋತೀನಿ. ಕಲೀಬ್ಯಾಡ್ವಾ?"

"ಕಲಿಯೋ ಮೊಕ ನೋಡು" ಎನ್ನುತ್ತಲೇ ಹೊಡೆದಳು.

ಆಹಾ, ಅದರಲ್ಲಿ ನಾಲ್ಕು ಸೆಕೆಂಡು ಸಿಕ್ಕಿತು ನೋಡಿ! ಯಾವ ನ್ಯೂಯಾರ್ಕಿನ ಡ್ರಮ್ಮಿನವನಿಗೂ ಕಡಿಮೆಯಿಲ್ಲ. ಅಷ್ಟನ್ನೇ ಕತ್ತರಿಸಿ, ತುದಿಗೆ ತುದಿ ಜೋಡಿಸಿ, ಸುತ್ತಿಸುತ್ತಿ ಬರುವಂತೆ ಮಾಡಿದೆ. ಸ್ನೇಹಿತನ ಸೌಂಡ್ ಸರ್ವಿಸ್ಸಿನಿಂದ ಒಂದು ಸ್ಪೀಕರು ತಂದು ಬಾವಿಕಟ್ಟೆಯ ಮೇಲಿಟ್ಟೆ. ಮೊದಲ ದಿನ ಒಂದು ಹಕ್ಕಿಯೂ ಸುಳಿಯಲಿಲ್ಲ. ನಾನು ಪಂಪ್‌ಸೆಟ್ಟಿನ ಕೋಣೆಯ ನೆರಳಲ್ಲಿ ಕಾಲು ಚಾಚಿ ಮಲಗಿ, ನಾನು ಹುಟ್ಟಿದ ಊರೊಂದೇ ತಪ್ಪಾಯಿತು ಎಂದುಕೊಂಡೆ. ಎರಡನೇ ದಿನ ಗೊರವಂಕಗಳು ಬಂದು ತಂತಿಯ ಮೇಲೆ ಕೂತವು. ಕೂತು ಕೇಳಿದವು. ಡಣ್, ಡಡಣ್ ಡಣ್, ಡಕ್. ಡಣ್, ಡಡಣ್ ಡಣ್, ಡಕ್. ಅವುಗಳಲ್ಲೊಂದು ಆ 'ಡಕ್'ಗೆ ಸರಿಯಾಗಿ ತಲೆ ಆಡಿಸಿತು, ಆಣೆ ಮಾಡಿ ಹೇಳುತ್ತೇನೆ! ನನಗೆಷ್ಟು ಖುಷಿಯಾಯಿತೆಂದರೆ, ಓಡಿಸುವುದು ಬಿಟ್ಟು ವೀಡಿಯೊ ತೆಗೆದೆ. ಮೂರನೇ ದಿನ ನಾನು ಕಣ್ಣುಜ್ಜಿಕೊಂಡು ಬರುವಷ್ಟರಲ್ಲಿ ಎರಡು ಸಾಲಲ್ಲೂ ಕುಕ್ಕದೆ ಬಿಟ್ಟ ಗೊಂಚಲು ಒಂದೂ ಇರಲಿಲ್ಲ. ಸ್ಪೀಕರು ಮಾತ್ರ ನಿಷ್ಠೆಯಿಂದ ಬಾರಿಸುತ್ತಲೇ ಇತ್ತು.

ಹನುಮಂತನಪಟ್ಟಿಯ ಯಾರದೋ ತೋಟಕ್ಕೆ ಓಡಿ, ಏಳು ತಟ್ಟೆಗಾಗುವಷ್ಟು ಹಣ್ಣು ಹೊತ್ತು ಕೊಂಬೈ ಸೇರಿದೆ. ಅತ್ತೆ ಒಂದು ಗೊಂಚಲು ಎತ್ತಿ ಮೂಸಿದಳು. ನನ್ನನ್ನು ನೋಡಿದಳು. ಅಷ್ಟೇ. ಅಷ್ಟರಲ್ಲಿ ಬೀಗಿತ್ತಿ ಬಂದು, "ಏನಕ್ಕಾ, ಇದು ನಿಮ್ ತೋಟದ್ದೇ ತಾನೇ?" ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅತ್ತೆಯ ಕೈಯಲ್ಲಿ ಗೊಂಚಲು ಹಾಗೇ ನಿಂತಿತು. ಕೊಟ್ಟ ಮಾತು ನೆಂಟರ ನಡುವೆ ಮುರಿದು ಬೀಳುವುದನ್ನು ನೋಡಲಾರದೆ, "ತಪ್ಪು ನಂದು" ಎಂದು ನಾನೇ ಬಾಯಿ ಬಿಟ್ಟೆ. ಬಿಟ್ಟ ಬಾಯಿ ಮುಚ್ಚಬೇಕಲ್ಲ? ನ್ಯೂಯಾರ್ಕು, ಎರಡು ರೆಕಾರ್ಡು, ಜನ ಕುಣಿದದ್ದು, ಗೊರವಂಕ ತಲೆ ಆಡಿಸಿದ್ದು, ಎಲ್ಲವನ್ನೂ ಬಾಯಿಡ್ರಮ್ಮಿನ ಸಮೇತ ನಡುಮನೆಯಲ್ಲಿ ಆಡಿ ತೋರಿಸಿದೆ. ಕಿವಿ ಚುಚ್ಚಲು ಬಂದ ಆಚಾರಿ ಸೂಜಿ ಹಿಡಿದ ಕೈಯನ್ನು ಮೇಲೇ ನಿಲ್ಲಿಸಿಕೊಂಡಿದ್ದ.

ಇವತ್ತಿನ ಮದುವೆಯಲ್ಲೂ ಆ ನಾಲ್ಕು ಸೆಕೆಂಡು ಬರುತ್ತದೆ. ಆದರೆ ಈಗ ಕೊಚ್ಚಿ ಜೋಡಿಸುತ್ತೇನೆ, ಒಂದು ಸುತ್ತು ಇನ್ನೊಂದರಂತೆ ಇರುವುದಿಲ್ಲ. ಯಾರೋ ಬರುತ್ತಿದ್ದಾರೆ ಅನ್ನುವಷ್ಟು ಜಾಗ ಬಿಟ್ಟು 'ಡಕ್' ಹಾಕಿದರೆ ಜನ ಹೋ ಎನ್ನುತ್ತಾರೆ. ನನ್ನ ಕೈಚಳಕ ಎಂದು ಹೊಗಳುತ್ತಾರೆ. ಅತ್ತೆಯ ಕೈ ಅದು ಎನ್ನುತ್ತೇನೆ, ತಮಾಷೆ ಎಂದುಕೊಳ್ಳುತ್ತಾರೆ. ಬುಟ್ಟಿಯವಳ ಹತ್ತಿರ ಒಂದು ಕಿಲೋ ಹಣ್ಣು ಕೊಂಡು, ಹಕ್ಕಿ ಕುಕ್ಕಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿಯೇ ಬಾಯಿಗೆ ಹಾಕಿಕೊಂಡೆ.

ಅವತ್ತು ಅತ್ತೆ ಏನಂದಳೆಂಬುದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ನಕ್ಕವಳು ಬೀಗಿತ್ತಿಯೇ. ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ನಗುವಿನ ಗದ್ದಲದಲ್ಲಿ ಅಳುವುದನ್ನು ಮರೆತ ಮಗುವಿಗೆ ಆಚಾರಿ ಎರಡು ಕಿವಿಯನ್ನೂ ಚುಚ್ಚಿ ಮುಗಿಸಿದ. ಅತ್ತೆ ಮಾತ್ರ ನಗದೆ, ಗೊಂಚಲನ್ನು ತಟ್ಟೆಯಲ್ಲಿಟ್ಟು, ಕೈ ಒರೆಸಿಕೊಳ್ಳುತ್ತ ಹೇಳಿದ್ದಿಷ್ಟೇ:

"ಕುಣಿಯಾಕೆ ಮೇಳ ಹೊಡ್ದು ಕರ್ದೋನು ನೀನು. ಬಂದೋವು ಉಣ್ಣದಂಗೆ ಹೋದಾವೇನ್ಲಾ, ಮಾಪ್ಳೆ?"