ಬ್ರೆನನ್ಸ್ ಫ್ಲಾಟಿನ ಕೆನೆ ಕ್ಯಾನುಗಳು

ಹ್ಯಾಮಿಲ್ಟನ್ನಿನಿಂದ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಬ್ರೆನನ್ಸ್ ಫ್ಲಾಟ್ ಸಿಗುತ್ತದೆ. ಅದನ್ನು ಊರು ಅನ್ನಬೇಕಾದರೆ ಸ್ವಲ್ಪ ದೊಡ್ಡ ಮನಸ್ಸು ಬೇಕು. ಒಂದು ಪೆಟ್ರೋಲ್ ಬಂಕ್, ಒಂದು ಪಬ್, ಇಲ್ಲಿಯವರು ಡೈರಿ ಎನ್ನುವ, ಬ್ರೆಡ್ಡು ಬಿಸ್ಕತ್ತು ಮಾರುವ ಒಂದು ಚಿಲ್ಲರೆ ಅಂಗಡಿ, ವಯಸ್ಸಾದವರಿಗೆ ಒಂದು ರೆಸ್ಟ್ ಹೋಮ್. ಉಳಿದಿದ್ದೆಲ್ಲ ಹುಲ್ಲು, ಬೇಲಿ, ಹಸು. ನನ್ನ ಗೆಳತಿ ರಮಾ ಅಲ್ಲಿ ಮನೆ ತೆಗೆದುಕೊಳ್ಳುತ್ತೇನೆ ಎಂದ ದಿನ ನನಗೆ ಮೈಯೆಲ್ಲ ಉರಿದುಹೋಗಿತ್ತು.

“ರೊಟೊಟೂನದಲ್ಲಿ ನಮ್ ಪಕ್ಕದ್ ಬೀದೀಲೇ ಮನೆ ಖಾಲಿ ಇದೆ. ಅದು ಬಿಟ್ಟು ಆ ಹುಲ್ಲುಗಾವಲಿಗೆ ಹೋಗಿ ಏನೇ ಮಾಡ್ತೀಯ? ದನ ಎಣಿಸ್ತೀಯಾ?”

“ಇವ್ರ ಫ್ಯಾಕ್ಟರಿ ಅಲ್ಲೇ ಹತ್ರ ಅಲ್ವೇನೇ ಕೃಪಾ. ನಂಗೂ ರೆಸ್ಟ್ ಹೋಮಲ್ಲಿ ಕೆಲ್ಸ ಸಿಕ್ತು. ಬೈಬೇಡ ಸುಮ್ನಿರು.”

ನಾವಿಬ್ಬರೂ ಮೈಸೂರಿನಲ್ಲಿ ಒಂದೇ ನರ್ಸಿಂಗ್ ಕಾಲೇಜಿನಲ್ಲಿ ಓದಿದವರು. ನನ್ನ ಬಾಯಿ ಜೋರು, ಅದು ಇಲ್ಲಿನ ಕನ್ನಡ ಕೂಟದವರಿಗೆಲ್ಲ ಗೊತ್ತು. ರಮಾ ಹಾಗಲ್ಲ. ಅವಳು ಯಾರಿಗೂ ಎದುರು ಮಾತಾಡುವುದಿಲ್ಲ, ಆದರೆ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಬಿಡುವುದೂ ಇಲ್ಲ. ಗಂಡ ಗುರುರಾಜ್ ಹಾಲಿನಪುಡಿ ಫ್ಯಾಕ್ಟರಿಯಲ್ಲಿ ಎಂಜಿನಿಯರ್, ಹೆಂಡತಿ ಹೇಳಿದ ಮಾತಿಗೆ ಇಲ್ಲ ಅನ್ನದ ಪುಣ್ಯಾತ್ಮ. ಹೋಗಿ ನೆಲೆಸಿಯೇಬಿಟ್ಟರು.

ಹೋಗಿ ವರ್ಷ ತುಂಬುವುದರೊಳಗೇ ಅವಳಿಗೆ ಆ ಊರಿನ ಚರಿತ್ರೆಯ ಹುಚ್ಚು ಹಿಡಿಯಿತು. ಆ ನೆಲದ ಹಳೆಯ ಕಥೆ ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಸಭಾಮನೆಯಲ್ಲಿ, ಅವರ ಬಾಯಲ್ಲೇ ಭದ್ರವಾಗಿದೆ. ಆಮೇಲೆ ಬಂದು ಕಾಡು ಕಡಿದು ಹುಲ್ಲು ಬಿತ್ತಿ ಹಸು ಕಟ್ಟಿದವರ ಕಥೆ ಮಾತ್ರ ಒಂದು ತಗಡಿನ ಶೆಡ್ಡಿನಲ್ಲಿ ದೂಳು ತಿನ್ನುತ್ತಿತ್ತು. ಬಾಗಿಲ ಮೇಲೆ ಮ್ಯೂಸಿಯಂ ಎಂದು ಬರೆದಿತ್ತು. ಒಳಗೆ ನೊಗ, ಗರಗಸ, ಕೆನೆ ಕಡೆಯುವ ಯಂತ್ರ, ಗೋಡೆಯುದ್ದಕ್ಕೂ ಸಾಲಾಗಿ ತುಕ್ಕು ಹಿಡಿದ ಕ್ಯಾನುಗಳು.

ಆ ಕ್ಯಾನುಗಳೇ ನಮ್ಮ ರಮಾಳ ತಲೆ ಕೆಡಿಸಿದ್ದು. ಹಿಂದೆ ಅಲ್ಲಿ ಬೆಣ್ಣೆ ಫ್ಯಾಕ್ಟರಿ ಇತ್ತು. ರೈತರು ಮನೆಯಲ್ಲೇ ಕೆನೆ ತೆಗೆದು, ಕ್ಯಾನಿಗೆ ತುಂಬಿ, ಗೇಟಿನ ಹತ್ತಿರ ಇಡುತ್ತಿದ್ದರು. ಲಾರಿ ಬಂದು ಎತ್ತಿಕೊಂಡು ಹೋಗುತ್ತಿತ್ತು. ಯಾವ ಕ್ಯಾನು ಯಾವ ಮನೆಯದು ಎಂಬ ದಾಖಲೆಯನ್ನು ಫ್ಯಾಕ್ಟರಿ ಮುಚ್ಚಿದಾಗ ಯಾರೋ ಮಹಾಶಯರು ಬಾಯ್ಲರಿಗೆ ಹಾಕಿ ಸುಟ್ಟರಂತೆ. ಆ ಮನೆಗಳಲ್ಲಿ ಎಷ್ಟೋ ಈಗ ಇಲ್ಲ. ಸಣ್ಣ ಸಣ್ಣ ಫಾರ್ಮುಗಳನ್ನು ದೊಡ್ಡವರು ಕೊಂಡು ಒಂದು ಮಾಡಿಕೊಂಡರು, ಜನ ಎತ್ತಲೋ ಹೋದರು. ಅವರು ಇಲ್ಲಿದ್ದರು ಎನ್ನುವುದಕ್ಕೆ ಉಳಿದದ್ದು ಒಂದು ಈ ಕ್ಯಾನುಗಳು, ಇನ್ನೊಂದು ನೆವಿಲ್ ಅಜ್ಜ.

ನೆವಿಲ್ ಅಜ್ಜ ಹರೆಯದಲ್ಲಿ ಆ ಕೆನೆ ಲಾರಿ ಓಡಿಸುತ್ತಿದ್ದವರು. ತೊಂಬತ್ತು ದಾಟಿದ ಮೇಲೆ ಮರೆವು ಹತ್ತಿ ರಮಾಳ ರೆಸ್ಟ್ ಹೋಮಿಗೇ ಬಂದು ಸೇರಿದರು. ಮಗಳ ಹೆಸರು ಹೋಗಿತ್ತು, ಬೆಳಿಗ್ಗೆ ತಿಂದದ್ದು ಹೋಗಿತ್ತು. ಒಮ್ಮೆ ರಮಾ ಅವರ ಖುಷಿಗೆಂದು ಮ್ಯೂಸಿಯಮ್ಮಿನಿಂದ ಒಂದು ಕ್ಯಾನು ತಂದು ಮುಂದಿಟ್ಟಳು. ಅವರು ಅದರ ಹಿಡಿಕೆ ಹಿಡಿದು ಒಮ್ಮೆ ಎತ್ತಿದರು, ಪಕ್ಕದ ನೆಗ್ಗನ್ನು ಹೆಬ್ಬೆರಳಿನಿಂದ ಸವರಿದರು, ಮುಚ್ಚಳ ತೆಗೆದು ಮುಖವನ್ನೇ ಒಳಗಿಟ್ಟು ಮೂಸಿದರು. “ಪೀಟರ್ಸನ್ನರದು” ಎಂದರು. ಆಮೇಲೆ ಬಾಯಿ ಬಿಟ್ಟರು. ಪೀಟರ್ಸನ್ನರ ಹುಡುಗ ಶಾಲೆ ತಪ್ಪಿಸಿ ಕ್ಯಾನನ್ನು ಗುಡ್ಡದಿಂದ ಉರುಳಿಸಿದ್ದು, ಅವನಮ್ಮ ಆ ವಾರದ ಕೆನೆಯೆಲ್ಲ ಮಣ್ಣುಪಾಲಾಯಿತೆಂದು ಗೇಟಿನಲ್ಲೇ ಕೂತು ಅತ್ತದ್ದು, ಆಮೇಲೆ ಅದೇ ಕ್ಯಾನಿನಲ್ಲಿ ಸೀಮೆಎಣ್ಣೆ ಇಟ್ಟದ್ದು.

ನಾನೂ ಒಂದು ಗುರುವಾರ ಹೋಗಿ ನೋಡಿದೆ. ನಂಬದವಳು ನಂಬಿದೆ. ಅಜ್ಜನ ತಲೆಯಲ್ಲಿ ಇಲ್ಲದ್ದು ಕೈಯಲ್ಲಿತ್ತು, ಮೂಗಿನಲ್ಲಿತ್ತು.

“ಇದ್ಯಾಕೇ ನಿಂಗೆ ಇಷ್ಟೊಂದು?” ಎಂದು ಕೇಳಿದೆ.

“ನಮ್ಮಪ್ಪನ ಲೇತ್ ವರ್ಕ್‌ಶಾಪ್ ಇತ್ತಲ್ಲ, ಮಂಡಿ ಮೊಹಲ್ಲಾದಲ್ಲಿ. ಅಪ್ಪ ಹೋದ್ಮೇಲೆ ಅಣ್ಣ ಎಲ್ಲಾ ಗುಜರಿಗೆ ಹಾಕ್ದ. ಯಾವ ಸ್ಪ್ಯಾನರ್ ಯಾವಾಗ ತಗೊಂಡಿದ್ದು ಅಂತ ಅಪ್ಪ ಹೇಳ್ತಿದ್ರು, ನಾನು ಕೇಳಿಸ್ಕೊಳ್ಲೇ ಇಲ್ಲ. ಇವ್ರದ್ದಾದ್ರೂ ಉಳೀಲಿ ಕಣೇ.”

ನನಗೆ ಅವಳ ಮೇಲೆ ಮಮತೆ ಉಕ್ಕಿತು. ತೋರಿಸಿಕೊಳ್ಳಲಿಲ್ಲ, ಕಾಫಿ ಕೊಡು ಎಂದೆ.

ರಜೆಯ ಗುರುವಾರಗಳಲ್ಲಿ ಅವಳು ಒಂದೊಂದೇ ಕ್ಯಾನನ್ನು ಒಯ್ದು, ಅಜ್ಜನ ಮಾತನ್ನು ಫೋನಿನಲ್ಲಿ ಹಿಡಿದು, ಕ್ಯಾನಿನ ಹಿಡಿಕೆಗೆ ಮನೆತನದ ಹೆಸರಿನ ಚೀಟಿ ಕಟ್ಟುತ್ತಿದ್ದಳು. ಒಂದು ಸಾಲು ಮುಗಿದಿತ್ತು, ಮೂರು ಸಾಲು ಬಾಕಿ. ಅಕ್ಟೋಬರಿನ ಕೊನೆಗೆ ಬೆಣ್ಣೆ ಫ್ಯಾಕ್ಟರಿ ಶುರುವಾಗಿ ನೂರು ವರ್ಷ ತುಂಬುವ ಹಬ್ಬ. ಮ್ಯೂಸಿಯಂ ನೋಡಿಕೊಳ್ಳುವ ಹೀದರ್, ಸದಾ ಗಂಬೂಟಿನಲ್ಲೇ ಓಡಾಡುವ ರೈತ ಹೆಂಗಸು, ಅಂದು ಪ್ರತಿ ಕ್ಯಾನಿನ ಮುಂದೆ ಆ ಮನೆಯವರ ಹೆಸರಿನ ಹಲಗೆ ಇಡೋಣ ಎಂದಿದ್ದಳು.

ಅದಕ್ಕೆ ಸರಿಯಾಗಿ ನಮ್ಮ ಆಯುಧಪೂಜೆ ಬಂತು ನೋಡಿ.

ಅಪ್ಪನ ವರ್ಕ್‌ಶಾಪಿನಲ್ಲಿ ಆಯುಧಪೂಜೆಯೆಂದರೆ ರಮಾಳಿಗೆ ದೀಪಾವಳಿಗಿಂತ ದೊಡ್ಡದು. ಹಿಂದಿನ ದಿನ ಪ್ರತಿಯೊಂದು ಸಾಮಾನನ್ನೂ ತಿಕ್ಕಿ ತೊಳೆದು ಫಳಫಳ ಮಾಡದಿದ್ದರೆ ಅಪ್ಪ ಅದಕ್ಕೆ ಕುಂಕುಮ ಇಡಲು ಬಿಡುತ್ತಿರಲಿಲ್ಲವಂತೆ. ಈ ಊರನ್ನು ಸಾಕಿದ ಸಾಮಾನುಗಳು ನೂರು ವರ್ಷದಲ್ಲಿ ಒಂದು ಹೂವನ್ನೂ ಕಂಡಿಲ್ಲವಲ್ಲ, ಈ ಸಲ ನಾವೇ ತೊಳೆದು ಪೂಜೆ ಮಾಡೋಣ ಎಂದಳು. ಹೀದರ್‌ಳನ್ನು ಕೇಳಿದಳು. ಹಬ್ಬಕ್ಕೆ ಹೇಗೂ ಕ್ಲೀನ್ ಆಗಬೇಕು, ಮಾಡಿ ಮಾಡಿ, ಎಂದಳು ಆಕೆ.

ಮಾಡಿದರು. ಕೂಟದಿಂದ ತಾರಾ, ತನುಶ್ರೀ ಹೋಗಿದ್ದರು. ಕುದಿಯುವ ನೀರು, ಸೋಪು, ತಂತಿಬ್ರಷ್ಷು, ಮುಚ್ಚಳದ ಹಿತ್ತಾಳೆಗೆ ಹುಣಸೆಹಣ್ಣು. ನೆನೆಯಬಾರದೆಂದು ಚೀಟಿಗಳನ್ನು ಬಿಚ್ಚಿ ಒಂದು ತಟ್ಟೆಯಲ್ಲಿಟ್ಟರು. ಗುರುರಾಜ್ ಸುಮ್ಮನೆ ಕೂರುವ ಆಸಾಮಿಯೇ? ಮರದ ಸುತ್ತಿಗೆ ತಂದು ಒಳಗಿನಿಂದ ತಟ್ಟಿ ತಟ್ಟಿ ಕ್ಯಾನುಗಳ ನೆಗ್ಗೆಲ್ಲ ತೆಗೆದ. ಅರಿಶಿನ, ಕುಂಕುಮ, ಡ್ಯಾಫೊಡಿಲ್ ಹೂವು, ಪ್ರತಿ ಕ್ಯಾನಿನೊಳಕ್ಕೂ ಸಾಂಬ್ರಾಣಿ ಹೊಗೆ, ಮೇಲೆ ಮುಚ್ಚಳ. ಹೀದರ್‌ಳ ಯೂಟ್ ಎನ್ನುವ ಪಿಕಪ್ ಗಾಡಿಗೂ ಕುಂಕುಮವಿಟ್ಟು ಚಕ್ರದಡಿ ನಿಂಬೆಹಣ್ಣು ಇಟ್ಟರಂತೆ, ಅವಳು ಚಪ್ಪಾಳೆ ತಟ್ಟಿ, ಹತ್ತಿ ಓಡಿಸಿದಳಂತೆ. ಡ್ಯೂಟಿ ಮುಗಿಸಿ ಸಂಜೆ ನಾನು ಹೋದಾಗ ಶೆಡ್ಡು ಮದುವೆಮನೆಯ ಹಾಗಿತ್ತು. ಪುಳಿಯೋಗರೆ ತಿಂದು ಬಂದೆ.

ಗುರುವಾರ ಮಧ್ಯಾಹ್ನ ರಮಾಳ ಫೋನು.

“ಕೃಪಾ, ಅಜ್ಜಂಗೆ ಗೊತ್ತಾಗ್ತಿಲ್ಲ ಕಣೇ.”

“ಏನ್ ಗೊತ್ತಾಗ್ತಿಲ್ಲ?”

“ಕ್ಯಾನು. ಸವರಿ ಸವರಿ ನೋಡಿದ್ರು. ಚೆನ್ನಾಗಿದೆ, ಹೊಸದಾ, ಎಲ್ಲಿ ತಗೊಂಡೆ ಅಂತ ಕೇಳ್ತಾರೆ. ಕೃಪಾ, ನಾನೇನ್ ಮಾಡ್ಬಿಟ್ಟೆ?”

ಆಗ ನನಗೆ ಹೊಳೆಯಿತು. ಹೆಬ್ಬೆರಳು ಹುಡುಕುತ್ತಿದ್ದ ನೆಗ್ಗಿಲ್ಲ. ತುಕ್ಕಿಲ್ಲ, ಹುಳಿ ಕೆನೆಯ ವಾಸನೆಯಿಲ್ಲ. ಮಾಸಲು ಬಣ್ಣದ ಗುರುತು ಏನಾದರೂ ಇದ್ದಿದ್ದರೆ ತಂತಿಬ್ರಷ್ಷು ಅದನ್ನೂ ತಿಂದಿತ್ತು. ಮುಗಿದ ಸಾಲಾದರೂ ಉಳಿಯಿತಲ್ಲ ಅಂದುಕೊಂಡರೆ, ಚೀಟಿಗಳು ತಟ್ಟೆಯಲ್ಲಿ, ಕ್ಯಾನುಗಳು ಎಲ್ಲ ಸಾಲಿನವೂ ಕಲಸಿಹೋಗಿ ಒಂದರಂತೆ ಇನ್ನೊಂದು ಫಳಫಳ ಹೊಳೆಯುತ್ತಿದ್ದವು. ಪೀಟರ್ಸನ್ನರ ಕಥೆ ಫೋನಿನಲ್ಲಿತ್ತು, ಪೀಟರ್ಸನ್ನರ ಕ್ಯಾನು ಯಾವುದೆಂದು ದೇವರಿಗೂ ಗೊತ್ತಿರಲಿಲ್ಲ.

ರಮಾ ಹೀದರ್ ಹತ್ತಿರ ಹೋಗಿ ಎಲ್ಲ ಹೇಳಿದಳು. ನಾನು ಜೊತೆಗಿದ್ದೆ. ಆ ಹೆಂಗಸು ಇವಳ ಭುಜ ತಟ್ಟಿ, “ನೋ ವರೀಸ್ ರಮಾ, ನೋಡೋಕೆ ಎಷ್ಟು ಚಂದ ಇವೆ” ಎಂದಳು.

“ನೀವು ಬೈದ್ರೆ ನಂಗೆ ಸಮಾಧಾನ ಆಗತ್ತೆ” ಎಂದಳು ರಮಾ, ಇಂಗ್ಲಿಷಿನಲ್ಲಿ ತಡವರಿಸಿ.

ಹೀದರ್ ನಕ್ಕುಬಿಟ್ಟಳು. ತಮಾಷೆ ಅಂದುಕೊಂಡಳೋ ಏನೋ. ನನಗೆ ಅವಳ ಮೇಲೆ ಕೋಪ ಬಂತು. ನಿಮ್ಮೂರೇ ಅಲ್ಲವೇನಮ್ಮ ಹೋದದ್ದು, ಅಳು ಬರುವುದು ಬೇಡವೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೈದು ಆಗಬೇಕಾದ್ದೇನು? ಯಾರಿಗೆ ಬೈಯಬೇಕು? ತೊಳೆದವರೆಲ್ಲ ಭಕ್ತಿಯಿಂದ ತೊಳೆದಿದ್ದರು. ಜೀವನದಲ್ಲಿ ಮೊದಲ ಸಲ ನನಗೆ ಬೈಯಲು ಒಂದು ಜೀವವೂ ಸಿಗಲಿಲ್ಲ.

ಹಬ್ಬ ಜೋರಾಗಿಯೇ ಆಯಿತು. ಎಲ್ಲೆಲ್ಲಿಂದಲೋ ಜನ ಬಂದರು, ಕ್ಯಾನುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಪ್ರತಿ ಹಲಗೆಯ ಮೇಲೂ ಒಂದೇ ಬರಹ: ಕೆನೆ ಕ್ಯಾನು. ದೂರದ ಊರಾದ ಲೋವರ್ ಹಟ್‌ನಿಂದ ಒಬ್ಬ ಮುದುಕಿ ಮಗನ ಕೈ ಹಿಡಿದು ಬಂದಿದ್ದಳು. ನಮ್ಮದು ಯಾವುದು ಎಂದು ರಮಾಳನ್ನೇ ಕೇಳಿದಳು. ಹುಟ್ಟಿದ ಮನೆ ಬಿದ್ದು ಹುಲ್ಲಾಗಿದೆಯಂತೆ, ಕ್ಯಾನು ಇಲ್ಲಿದೆ ಎಂದು ಯಾರೋ ಹೇಳಿದರಂತೆ. ರಮಾ ಸಾಲಿನ ಕಡೆ ಕೈ ತೋರಿಸಿದಳು. ಮುದುಕಿ ತಾನೇ ಸಾಲಿನುದ್ದಕ್ಕೂ ನಡೆದು, ಒಂದೊಂದರ ಮುಂದೆಯೂ ಬಗ್ಗಿ ನೋಡಿ, ಕೊನೆಗೆ ಮಗನ ಜೊತೆ ಚಹಾ ಕುಡಿಯಲು ಹೋದಳು. ನಾನು ರಮಾಳ ಕೈ ಹಿಡಿದುಕೊಂಡೆ.

ಮರುವಾರ ಅವಳು ಇನ್ನೊಂದು ಆಸೆ ಹಚ್ಚಿಕೊಂಡಳು.

“ಆವತ್ತು ಅಜ್ಜ ಬರೀ ಮುಟ್ಟಿದ್ರು ಕಣೇ. ಮುಚ್ಚಳ ತೆಗೀಲೇ ಇಲ್ಲ. ಅಷ್ಟು ವರ್ಷದ ವಾಸ್ನೆ, ಒಂದ್ ಸಲ ತೊಳೆದ್ರೆ ಪೂರ್ತಿ ಹೋಗತ್ತಾ? ತಳದಲ್ಲಿ ಎಲ್ಲೋ ಒಂಚೂರು ಇದ್ದೇ ಇರತ್ತೆ.”

ಇರಲಾರದು ಎಂದು ನನಗೆ ಗೊತ್ತಿತ್ತು. ಅವಳ ಮುಖ ನೋಡಿ ಹೇಳಲಾಗಲಿಲ್ಲ. ಹಿಡಿಸುವಷ್ಟು ಕ್ಯಾನುಗಳನ್ನು ಕಾರಿನಲ್ಲಿ ಹೇರಿಕೊಂಡು ಇಬ್ಬರೂ ರೆಸ್ಟ್ ಹೋಮಿಗೆ ಹೋದೆವು.

ನೆವಿಲ್ ಅಜ್ಜ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ರಮಾ ಮೊದಲ ಕ್ಯಾನನ್ನು ಅವರ ಮೊಣಕಾಲುಗಳ ನಡುವೆ ಇಟ್ಟು, ಮುಚ್ಚಳದ ಮೇಲೆ ಅವರ ಕೈ ಇರಿಸಿ, “ಯಾರದ್ದು ನೆವಿಲ್, ಇದು?” ಎಂದು ಕೇಳಿದಳು. ಅವರು ಪಕ್ಕವನ್ನು ಸವರಿದರು. ಹೆಬ್ಬೆರಳು ಹೋಗಿ ಬಂದು, ಎಲ್ಲೂ ನಿಲ್ಲದೆ, ಸುಮ್ಮನಾಯಿತು. ಆಮೇಲೆ ಮುಚ್ಚಳ ಎತ್ತಿ ಮುಖವನ್ನು ಪೂರ್ತಿ ಒಳಗಿಟ್ಟರು. ರಮಾ ಅವರ ಪಕ್ಕಕ್ಕೇ ಬಗ್ಗಿದಳು. ನಾನು ಮನಸ್ಸಿನಲ್ಲೇ ಚಾಮುಂಡಿಗೆ ಕೈ ಮುಗಿದೆ.

ಅಜ್ಜ ತಲೆ ಎತ್ತಿದಾಗ ಮುಖವರಳಿತ್ತು. ಎಷ್ಟೋ ದಿನಗಳಿಂದ ಕಾಣದ ನಗು ಅದು, ಗೊತ್ತಿರುವವನ ನಗು.

“ಇದು ರಮಾಳದು” ಎಂದರು.

ಕ್ಯಾನಿನ ಬಾಯಿಂದ ಸಾಂಬ್ರಾಣಿಯ ವಾಸನೆ ನನಗೂ ಬಡಿಯಿತು. ದಿನಾ ಬೆಳಿಗ್ಗೆ ದೇವರಿಗೆ ಧೂಪ ಹಾಕಿ ಡ್ಯೂಟಿಗೆ ಬರುವವಳು ಅವಳು, ಅವಳ ಸ್ವೆಟರಿನ ತುಂಬ ಅದೇ ವಾಸನೆ. ಊಟ ಬಡಿಸುವಾಗ, ಗುಳಿಗೆ ಕೊಡುವಾಗ, ಹೊದಿಕೆ ಸರಿಮಾಡುವಾಗ ಅಜ್ಜನ ಮೂಗಿಗೆ ಬರುತ್ತಿದ್ದದ್ದು ಅದೇ.

ರಮಾ ಇನ್ನೊಂದು ಕ್ಯಾನು ಇಟ್ಟಳು. ಅಜ್ಜ ಮೂಸಿದರು. “ಇದೂ ರಮಾಳದೇ.” ಮೂರನೆಯದು. “ರಮಾಳದು! ತುಂಬ ದೊಡ್ಡ ಫಾರ್ಮು ಇರಬೇಕು ಅವರದು” ಎಂದು ನನ್ನ ಕಡೆ ತಿರುಗಿ ಮೆಚ್ಚುಗೆಯಿಂದ ಹೇಳಿದರು. ಎಲ್ಲ ಸರಿಯಾಗಿ ಹೇಳುತ್ತಿದ್ದೇನೆಂದು ಅವರ ಕಣ್ಣಲ್ಲಿ ಹುರುಪು. ಬೇರೆ ಇದ್ದರೆ ತನ್ನಿ, ತನ್ನಿ, ಎಂದು ಕೈ ಬೀಸಿದರು.

“ಸರಿಯಾಗ್ ಹೇಳಿದ್ರಿ ನೆವಿಲ್” ಎಂದಳು ರಮಾ. ಕಣ್ಣೊರೆಸಿಕೊಂಡು, ಕಾರಿನಲ್ಲಿದ್ದ ಉಳಿದ ಕ್ಯಾನುಗಳನ್ನು ತರಲು ಹೊರಗೆ ಹೋದಳು.