ಡೀಸೆಲ್ ಟ್ಯಾಂಕಿಗೆ ಬೀಗ

ಸರ್ವೋತ್ತಮ ಶೆಟ್ಟರಿಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಕಾಗಿರಲಿಲ್ಲ. ತಾವಿದ್ದ ಹೌಸಿಂಗ್ ಸೊಸೈಟಿಯ ಲಿಫ್ಟು ಮೂರನೇ ಮಹಡಿಯಲ್ಲಿ ನಿಂತಿದ್ದರೆ, ತಮಗಾಗದವರು ಯಾರೋ ಬೇಕೆಂದೇ ಅದನ್ನು ಅಲ್ಲಿ ನಿಲ್ಲಿಸಿದ್ದಾರೆ ಎಂದು ನಂಬುವವರು ಅವರು. ಹೆಬ್ರಿ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಕಲ್ಯಾಣ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಟೇಬಲ್ ಒರೆಸಿ, ಆಮೇಲೆ ಗಲ್ಲಾದಲ್ಲಿ ಕೂತು, ಕೊನೆಗೆ ಡೊಂಬಿವಲಿಯಲ್ಲಿ ಸ್ವಂತ ವ್ಯಾಪಾರ ಹಿಡಿದಿದ್ದರು. ವಾಶಿಯ ಮಾರ್ಕೆಟ್ಟಿನಿಂದ ತರಕಾರಿ, ತೆಂಗಿನಕಾಯಿ ತಂದು ಡೊಂಬಿವಲಿ, ಕಲ್ಯಾಣ, ಶಹಾಡ್‌ಗಳಲ್ಲಿದ್ದ ಊರಿನವರ ಹೋಟೆಲುಗಳಿಗೆ ಹಾಕುವುದು ಅವರ ಕೆಲಸ.

ಹಳೇ ಟೆಂಪೋ ಕೊಟ್ಟು ೨೦೧೨ರಲ್ಲಿ ಅವರು ಟರ್ಬೊ ಇರುವ ಪಿಕಪ್ ತೆಗೆದುಕೊಂಡರು. ಇಂಜಿನ್ನಿನ ಹೊಗೆಯ ರಭಸಕ್ಕೇ ತಿರುಗುವ ಒಂದು ಸಣ್ಣ ಚಕ್ರ, ಅದು ಒಳಕ್ಕೆ ಗಾಳಿ ಒತ್ತಿ ತುಂಬುತ್ತದೆ, ಗಾಳಿ ಹೆಚ್ಚು ಸಿಕ್ಕಿದರೆ ಡೀಸೆಲ್ ಪೂರ್ತಿ ಉರಿದು ಬಲ ಬರುತ್ತದೆ ಎಂದು ಶೋರೂಮಿನವನು ಹೇಳಿದ್ದನ್ನು ಶೆಟ್ಟರು ಹೋಟೆಲ್ ಹೋಟೆಲಿಗೆ ಹೋಗಿ ಒಪ್ಪಿಸಿದ್ದರು. ಗಾಡಿ ಓಡಿಸುತ್ತಿದ್ದವನು ಲೀಲಾಧರ. ಟೆಂಪೋ ಕಾಲದಿಂದಲೂ ಅವರ ಜೊತೆಗಿದ್ದ, ಕಾರ್ಕಳದ ಕಡೆಯವನು, ಮಾತು ಕಡಿಮೆ. ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದಕ್ಕೆ ಆ ಕಡೆ ಎಲ್ಲರೂ ಏವರೇಜ್ ಎನ್ನುತ್ತಾರೆ. ಶೆಟ್ಟರ ಗಾಡಿಯ ಏವರೇಜ್ ಹದಿಮೂರು. ಯಾರು ಕೇಳಲಿ ಬಿಡಲಿ, ಅದನ್ನೂ ಹೇಳುತ್ತಿದ್ದರು.

ಎರಡು ವರ್ಷ ಕಳೆದು ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಅದು ಹತ್ತಕ್ಕೆ ಇಳಿಯಿತು.

"ಗಾಡಿ ಎಳೆಯುವುದೇ ಇಲ್ಲ ಅಣ್ಣ," ಎಂದ ಲೀಲಾಧರ. "ಮಹಾಪೆಯ ಚಡಾವಿನಲ್ಲಿ ಎಷ್ಟು ಒತ್ತಿದರೂ ಏಳುವುದಿಲ್ಲ. ಒಮ್ಮೆ ಗ್ಯಾರೇಜಿಗೆ ಕೊಡುವ."

"ನಿನಗೆ ಗೇರ್ ಹಾಕ್ಲಿಕ್ಕೆ ಉದಾಸೀನ," ಎಂದರು ಶೆಟ್ಟರು. ಗ್ಯಾರೇಜಿಗೆ ಕೊಟ್ಟರೆ ಒಂದು ದಿನ ಹೋಟೆಲುಗಳಿಗೆ ಮಾಲು ಹೋಗುವುದಿಲ್ಲ. ಆ ಯೋಚನೆಗೇ ಅವರ ತಲೆ ಬಿಸಿಯಾಗುತ್ತಿತ್ತು.

ಏವರೇಜಿನ ಬಗ್ಗೆ ಮಾತ್ರ ಹೋದ ಹೋಟೆಲಿನಲ್ಲೆಲ್ಲ ದೂರಿದರು. ಒಬ್ಬರು ಪಂಪಿನಲ್ಲಿ ಕಲಬೆರಕೆ ಎಂದರು, ಇನ್ನೊಬ್ಬರು ಶಿಳ್ ಫಾಟಾದ ಟ್ರಾಫಿಕ್ ಜಾಮು ಎಂದರು. ಶಹಾಡ್‌ನಲ್ಲಿ ಹೋಟೆಲ್ ನಡೆಸುತ್ತಿದ್ದ ಯಜ್ಞೇಶ್ವರ ರಾಯರು ಗಲ್ಲಾದಿಂದ ತಲೆಯೆತ್ತದೆ ಹೇಳಿದರು: "ಇಂಜಿನ್ ಎಂತ ಮಾಡ್ತದೆ ಮಾರಾಯ್ರೆ? ಡ್ರೈವರ್ ಡೀಸೆಲ್ ಹೊಡೀತಾನೆ. ಟ್ಯಾಂಕಿಗೊಂದು ಬೀಗ ಹಾಕಿ ನೋಡಿ."

ಶೆಟ್ಟರಿಗೆ ಈ ಮಾತು ಹಿಡಿಸಿತು. ಜಾಮಿನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಮನುಷ್ಯನಾದರೆ ಮಾಡಬಹುದು. ಮರುದಿನವೇ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಬಂತು.

ಲೀಲಾಧರ ಅದನ್ನು ಬಗ್ಗಿ ನೋಡಿದ. "ಇದು ಯಾರಿಗೆ ಅಣ್ಣ?"

"ಕಳ್ಳರಿಗೆ."

"ಗಾಡಿ ಸೊಸೈಟಿ ಒಳಗೇ ನಿಲ್ತದಲ್ಲ?"

ಶೆಟ್ಟರು ಬೀಗದ ಕೀಯನ್ನು ಜೇಬಿಗೆ ಹಾಕಿಕೊಂಡರು. ಬೀಗ ಬಿದ್ದ ಮೇಲೂ ಏವರೇಜ್ ಮೇಲೇರಲಿಲ್ಲ. ಹಾಗಾದರೆ ಬೀಗ ತಪ್ಪೆಂದು ಬೇರೆಯವರಿಗೆ ಹೊಳೆಯುತ್ತಿತ್ತೇನೋ. ಇವನ ಹತ್ತಿರ ಇನ್ನೊಂದು ಕೀ ಇದೆ ಎಂದು ಶೆಟ್ಟರಿಗೆ ಹೊಳೆಯಿತು. ಒಂದು ಬೆಳಿಗ್ಗೆ ಮಾನ್‌ಪಾಡಾ ರಸ್ತೆಯಲ್ಲಿ, ಕಾಯಿ ಮೂಟೆ ಇಳಿಸುತ್ತಿದ್ದ ಹಮಾಲರ ಎದುರಿಗೇ ಕೇಳಿಬಿಟ್ಟರು: "ಯಾರಿಗೆ ಮಾರ್ತಿ ಹೇಳು. ಹೇಳಿದರೆ ಬಿಟ್ಟುಬಿಡ್ತೇನೆ."

ಲೀಲಾಧರ ಹೆಗಲ ಮೇಲಿದ್ದ ಮೂಟೆಯನ್ನು ಇಳಿಸಿ, ಗಾಡಿಯ ಕೀಯನ್ನು ಅದರ ಮೇಲಿಟ್ಟು, ಅಂಗಿ ಕೊಡವಿಕೊಂಡು, ಸ್ಟೇಷನ್ನಿಗೆ ಹೋಗುವ ಶೇರ್ ರಿಕ್ಷಾದಲ್ಲಿ ಕೂತು ಹೊರಟುಹೋದ.

ಮರುದಿನದಿಂದ ಶೆಟ್ಟರೇ ಗಾಡಿ ಓಡಿಸತೊಡಗಿದರು. ಜಾಮಿನಲ್ಲಿ ಎದುರು ಒಂದಿಷ್ಟು ಜಾಗ ಕಂಡರೆ ಆಕ್ಸಿಲರೇಟರ್ ಮೆಟ್ಟುವುದು, ರಿಕ್ಷಾ ಅಡ್ಡ ಬಂದರೆ ಬೈದು ಬ್ರೇಕ್ ಒತ್ತುವುದು, ಮತ್ತೆ ಮೆಟ್ಟುವುದು. ಹೋಟೆಲಿನ ಎದುರು ಇಂಜಿನ್ ಬಂದ್ ಮಾಡದೆಯೇ ಇಳಿದು, ಕೊತ್ತಂಬರಿ ಬಾಡಿದೆ ಎಂದವರ ಜೊತೆ ಜಗಳ ಮುಗಿಸಿ ಬರುವುದು. ತಿಂಗಳ ಕೊನೆಗೆ ಏವರೇಜ್ ಒಂಬತ್ತಕ್ಕೆ ಬಂತು. ಮನೆಯಲ್ಲಿ ಅವರು ಅದನ್ನು ಹೇಳಲಿಲ್ಲ. ಆದರೆ ಊಟಕ್ಕೆ ಕೂತಾಗ ಸಾರಿಗೆ ಉಪ್ಪಿಲ್ಲ, ಫ್ಯಾನು ತಿರುಗುವುದಿಲ್ಲ, ಟೀವಿ ಕೂಗುತ್ತದೆ ಎಂದು ಸಿಡುಕುವುದು ನೋಡಿ ಹೆಂಡತಿ ಪ್ರಫುಲ್ಲಾಗೆ ಗೊತ್ತಾಯಿತು.

"ಎಷ್ಟು ಬಂತು?"

"ಒಂಬತ್ತು."

ಕಾಲೇಜಿಗೆ ಹೋಗುವ ಮಗಳು ಸೋನಾಲಿ ಮೊಬೈಲಿನಿಂದ ಕಣ್ಣೆತ್ತಿದಳು. ತುಳು, ಕನ್ನಡ ಎರಡೂ ಅರ್ಥವಾದರೂ ಅವಳ ಉತ್ತರ ಮರಾಠಿಯಲ್ಲೇ. "ಪಪ್ಪಾ, ಆತಾ ತುಮ್ಹೀಚ್ ಚಾಲವತಾ ನಾ?"

"ಹೌದು, ಈಗ ಇವರೇ ಓಡಿಸುವುದು," ಎಂದಳು ಪ್ರಫುಲ್ಲಾ. "ಹಾಗಾದ್ರೆ ಈಗ ಕಳ್ಳ ಯಾರು?"

ಶೆಟ್ಟರು ಅರ್ಧ ಊಟದಲ್ಲೇ ಎದ್ದರು.

ಅದರ ಮೇಲೆ ಗ್ಯಾರೇಜಿನ ಸುತ್ತಾಟ ಶುರುವಾಯಿತು. ಡೊಂಬಿವಲಿಯ ಮೆಕ್ಯಾನಿಕ್ ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿಸಿ, ಕಿವಿಗೊಟ್ಟು ಕೇಳಿ, ಏರ್ ಫಿಲ್ಟರ್ ಬದಲಿಸಿದ. ಏನೂ ಆಗಲಿಲ್ಲ. ಕಲ್ಯಾಣದವನು ಇಂಜೆಕ್ಟರ್ ಹಾಳಾಗಿದೆ ಎಂದು ಅದನ್ನು ಬಿಚ್ಚಿ ತೊಳೆದ. ಆಗಲೂ ಏನೂ ಆಗಲಿಲ್ಲ. ಇಬ್ಬರ ಮಾತಿನಲ್ಲಿದ್ದ ಧೈರ್ಯ ಮಾತ್ರ ಒಂದೇ. ಒಂದು ದಿನ ಮಹಾಪೆಯ ಚಡಾವು ಹತ್ತುವಾಗ ಹಿಂದಿನ ಬೈಕಿನವನು ಪಕ್ಕಕ್ಕೆ ಬಂದು, ಮೂಗು ಮುಚ್ಚಿಕೊಂಡೇ ಬೈದು ಹೋದ. ಶೆಟ್ಟರು ಕನ್ನಡಿಯಲ್ಲಿ ನೋಡಿದರೆ, ಗಾಡಿಯ ಹಿಂದೆ ರಸ್ತೆ ಕಾಣದಷ್ಟು ಕಪ್ಪು ಹೊಗೆ.

ಶಿಳ್ ಫಾಟಾದ ಹತ್ತಿರ ಮುರಾರಿ ಎಂಬ ಮೆಕ್ಯಾನಿಕ್ಕನ ಶೆಡ್ ಇತ್ತು. ವಿಜಯಪುರದ ಕಡೆಯವನು. ಶೆಟ್ಟರು ಬಾನೆಟ್ ಎತ್ತಲು ಹೋದರೆ ಅವನು ತಡೆದ. "ನಿಂತ ಗಾಡ್ಯಾಗ ಏನ ತಿಳೀತೈತ್ರಿ? ಲೋಡ್ ಐತಲ್ಲ, ನಡೀರಿ, ಚಡಾವ ಹತ್ತೂಣ."

ಹತ್ತಿದರು. ಇಂಜಿನ್ನಿನ ಮೇಲೆ ಭಾರ ಬಿದ್ದ ಕೂಡಲೇ ಎಲ್ಲಿಂದಲೋ ಬುಸ್ಸೆಂಬ ಸದ್ದು. ಮುರಾರಿ ಗಾಡಿ ನಿಲ್ಲಿಸಲು ಹೇಳಿ ಒಳಗೆ ಕೈ ಹಾಕಿ ತಡಕಾಡಿದ. ಮೊದಲು ಸಿಕ್ಕಲಿಲ್ಲ. ಆಮೇಲೆ ಟರ್ಬೊದಿಂದ ಗಾಳಿ ಒಯ್ಯುವ ರಬ್ಬರ್ ಪೈಪಿನ ತಳಭಾಗದಲ್ಲಿ ಬೆರಳುದ್ದದ ಸೀಳು ಕೈಗೆ ಹತ್ತಿತು. ಸುಮ್ಮನೆ ನಿಂತಾಗ ಮುಚ್ಚಿಕೊಂಡಿರುವುದು, ಒತ್ತಡ ಬಿದ್ದಾಗ ಬಾಯಿ ಬಿಡುವುದು.

"ಗಾಳಿ ಇಲ್ಲಿಂದ ಹೋಗೇ ಬಿಡ್ತೈತಿ. ಡೀಸೆಲ್ ಅರ್ಧಮರ್ಧ ಉರದು ಹೊಗಿ ಆಗತೈತಿ. ಎಳ್ಯೂದಿಲ್ಲಂತ ಓಡ್ಸಾವ ಮತ್ತಷ್ಟು ಒತ್ತತಾನ."

"ಅಂದರೆ ಇದೇ! ಇದೊಂದೇ!" ಶೆಟ್ಟರಿಗೆ ಖುಷಿಯೋ ಅಳುವೋ ಗೊತ್ತಾಗಲಿಲ್ಲ.

"ಇದೊಂದ ಅಲ್ರಿ ಸಾಹೇಬ್ರ. ಟೈರಿನ್ಯಾಗ ಹವಾ ಕಡಿಮಿ ಐತಿ. ಹಿಂದಿನ ಗಾಲಿ ಬ್ರೇಕ್ ಹಿಡಕೊಂಡ ಕುಂತೈತಿ. ಮ್ಯಾಲ ಹಲಗಿ ಏರ್ಸಿ ಎರಡು ಗಾಡಿ ಮಾಲ್ ಒಂದರಾಗ ತುಂಬೀರಿ. ಮತ್ತ ನೀವು ಗಾಡಿ ಓಡಸ್ತೀರೋ, ಯಾರ ಮ್ಯಾಲರ ಸಿಟ್ಟ ತೀರಿಸ್ಕೋತೀರೋ ನನಗ ತಿಳೀವಲ್ದು."

ಪೈಪು ಹೊಸದಾಯಿತು, ಬ್ರೇಕ್ ಸಡಿಲಾಯಿತು, ಟೈರಿಗೆ ಗಾಳಿ ಬಿತ್ತು. ಏವರೇಜ್ ಹನ್ನೆರಡಕ್ಕೆ ಬಂತು. ಉಳಿದ ಒಂದು ಬರಲೇ ಇಲ್ಲ. ಅದು ಶೆಟ್ಟರ ಬಲಗಾಲಿನಲ್ಲಿತ್ತು, ಶಿಳ್ ಫಾಟಾದ ಜಾಮಿನಲ್ಲಿತ್ತು. ಎರಡಕ್ಕೂ ಮುರಾರಿಯ ಹತ್ತಿರ ಪಾರ್ಟ್ಸ್ ಇರಲಿಲ್ಲ.

"ಆ ಹುಡುಗ ಆವತ್ತೇ ಹೇಳಿದ್ದ, ಎಳೆಯುವುದಿಲ್ಲ ಅಂತ," ಎಂದಳು ಪ್ರಫುಲ್ಲಾ. ಭಾನುವಾರ ಗಂಡನನ್ನು ಎಬ್ಬಿಸಿ ಲೋಕಲ್ ಟ್ರೇನಿಗೆ ಹತ್ತಿಸಿ ತಾನೂ ಹೊರಟಳು. ಲೀಲಾಧರನ ಮನೆ ಟಿಟ್ವಾಳಾದಲ್ಲಿ.

ಬಾಗಿಲು ತೆರೆದವಳು ಅವನ ಹೆಂಡತಿ ಗಂಗಾ. ಒಳಗೆ ಬನ್ನಿ ಎಂದಳು, ಚಹಾ ಕೊಟ್ಟಳು, ಮುಖ ಮಾತ್ರ ಸಡಿಲಿಸಲಿಲ್ಲ. ಶೆಟ್ಟರು ಲೀಲಾಧರನ ಎದುರು ಕೂತು ಟರ್ಬೊದಿಂದ ಶುರುಮಾಡಿದರು. ಪೈಪು ಎಲ್ಲಿ ಒಡೆದಿತ್ತು, ಡೊಂಬಿವಲಿಯವನು ಎಂತ ಹೇಳಿದ, ಕಲ್ಯಾಣದವನು ಹೇಗೆ ಟೋಪಿ ಹಾಕಿದ, ಬ್ರೇಕು, ಹವಾ... ಚಹಾ ಆರಿತು.

"ಪೈಪಿನ ಕತೆ ಸಾಕು," ಎಂದಳು ಪ್ರಫುಲ್ಲಾ. "ಹೇಳಲಿಕ್ಕೆ ಬಂದದ್ದು ಹೇಳಿ."

ಶೆಟ್ಟರು ನೆಲ ನೋಡಿದರು. "ನನ್ನದು ತಪ್ಪಾಯ್ತು ಮಾರಾಯ."

"ಆಯ್ತು ಅಣ್ಣ," ಎಂದ ಲೀಲಾಧರ. ವಾಪಸ್ ಬರುವ ಮಾತಿಗೆ ಮಾತ್ರ ಇಲ್ಲವೆಂದು ತಲೆಯಾಡಿಸಿದ. ಐರೋಳಿಯಲ್ಲಿ ಕಂಪನಿ ಬಸ್ಸು ಓಡಿಸುವ ಕೆಲಸ ಸಿಕ್ಕಿತ್ತು. ಎರಡು ಟ್ರೇನ್ ಬದಲಿಸಬೇಕು, ಆದರೂ ಪರವಾಗಿಲ್ಲ ಎಂದ.

ಆಗ ಗಂಗಾ ಬಾಯಿಬಿಟ್ಟಳು. "ಇಲ್ಲಿ ಹೇಳಿದರೆ ಯಾರಿಗೆ ಕೇಳ್ತದೆ ಶೆಟ್ರೇ? ಶಹಾಡ್‌ನ ರಾಯರು ಗಲ್ಲಾದಲ್ಲಿ ಕೂತು ಎಲ್ಲರಿಗೂ ಹೇಳಿದ್ದಾರೆ. ಊರಿನವರು ಯಾರೂ ಇವರಿಗೆ ಗಾಡಿ ಕೊಡಲಿಲ್ಲ. ಅಲ್ಲಿ ಹೋಗಿ ಹೇಳಿ."

ಮರುದಿನ ಬೆಳಿಗ್ಗೆ, ತಿಂಡಿಯ ಗಿರಾಕಿಗಳು ತುಂಬಿದ್ದಾಗ, ಶೆಟ್ಟರು ಆ ಗಲ್ಲಾದ ಎದುರು ನಿಂತು ಗಟ್ಟಿಯಾಗಿ ಹೇಳಿದರು: ಲೀಲಾಧರ ಒಂದು ತೊಟ್ಟು ಡೀಸೆಲ್ ಮುಟ್ಟಿಲ್ಲ, ಪೈಪು ಒಡೆದಿತ್ತು, ತಪ್ಪು ನನ್ನದು.

ಯಜ್ಞೇಶ್ವರ ರಾಯರು ಚಿಲ್ಲರೆ ಎಣಿಸುತ್ತಲೇ ನಕ್ಕರು. "ಪೈಪು ಒಡೆದದ್ದು ಸರಿ. ಆದ್ರೂ ಸ್ವಲ್ಪ ಹೊಡೆದಿರಬಹುದು ಬಿಡಿ. ಡ್ರೈವರ್ ಅಲ್ವಾ?"

ಶೆಟ್ಟರು ಮೊದಲಿನಿಂದ ವಿವರಿಸಿದರು. ರಾಯರು ಮತ್ತೆ ಅದನ್ನೇ ಹೇಳಿದರು. ಶೆಟ್ಟರು ಇನ್ನೊಮ್ಮೆ ವಿವರಿಸಿದರು. ಇಡ್ಲಿ ತಿನ್ನುತ್ತಿದ್ದವರು ತಿರುಗಿ ನೋಡಿದರು. ಶೆಟ್ಟರಿಗೆ ಸಿಟ್ಟು ಏರಿತು. ಇಷ್ಟು ದಿನ ತಾನೂ ಹೀಗೇ ಕಾಣುತ್ತಿದ್ದೆನೋ ಎಂದು ಒಂದು ಕ್ಷಣ ಅನಿಸಿ, ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಆಗಷ್ಟೇ ಇಳಿಸಿದ್ದ ಟೊಮೆಟೊ ಕ್ರೇಟುಗಳನ್ನು ಒಂದೊಂದಾಗಿ ತಾವೇ ಹೊತ್ತು ಪಿಕಪ್ಪಿಗೆ ವಾಪಸ್ ಹಾಕಿದರು. ಆ ಹೋಟೆಲಿಗೆ ಮತ್ತೆ ಮಾಲು ಹಾಕಲಿಲ್ಲ.

ಊರಿನವರಲ್ಲಿ ಒಂದಿಬ್ಬರು ಆಮೇಲೆ ಲೀಲಾಧರನಿಗೆ ಫೋನ್ ಮಾಡಿ ಗಾಡಿ ಓಡಿಸುತ್ತೀಯಾ ಎಂದು ಕೇಳಿದರಂತೆ. ಅವನು ಬಸ್ಸು ಬಿಡಲಿಲ್ಲ. ಶೆಟ್ಟರಿಗೆ ಹೊಸ ಡ್ರೈವರ್ ಸಿಕ್ಕಲು ಮೂರು ತಿಂಗಳು ಹಿಡಿಯಿತು. ಅವನೂ ಹೋಟೆಲ್ ಎದುರು ಇಂಜಿನ್ ಬಂದ್ ಮಾಡುವುದಿಲ್ಲ. ಶೆಟ್ಟರು ಪಕ್ಕದಲ್ಲಿ ಕೂತು ಬೈಯುತ್ತಾರೆ.