ಊಟವಾದ ಮೇಲೆ ಬೆಲೆಯ ಮಾತಿಲ್ಲ

ನಮ್ಮ ಉರ್ವದ ಮನೆಯನ್ನು ಮಾರಲು ಹೊರಟದ್ದು ನಾನಲ್ಲ, ನನ್ನ ಅಮ್ಮ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಳೆಯ ಮನೆ ಮಾರಿದ ಸಂಗತಿ ಎಂದ ಕೂಡಲೇ ಜನ ಕಣ್ಣೀರಿಡುವ ತಾಯಿಯನ್ನೂ ಕಲ್ಲೆದೆಯ ಮಗನನ್ನೂ ಊಹಿಸಿಕೊಳ್ಳುತ್ತಾರೆ. ನಮ್ಮಲ್ಲಿ ಕಣ್ಣೀರಿಡಲು ತಯಾರಾಗಿದ್ದವನು ನಾನು. ಅಮ್ಮನಿಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ.

ಅವಳಿಗೆ ಬೇಕಾದದ್ದು ವಾಮಂಜೂರಿನ ಒಂದು ಗದ್ದೆ. ಗದ್ದೆಯ ಅಂಚಿಗೆ ಒಂದು ಪುಟ್ಟ ಮನೆ, ಪಕ್ಕದಲ್ಲಿ ನೀರು ಹರಿಯುವ ತೋಡು. ಅಮ್ಮ ಬೇಸಾಯದ ಮನೆಯಲ್ಲಿ ಹುಟ್ಟಿದವಳು. ಹುಡುಗಿಯಾಗಿದ್ದಾಗಲೇ ಅವಳ ಸೋದರಮಾವ ಪೇಟೆಯ ಮನೆ ನೋಡಿಕೊಳ್ಳಲೆಂದು ಕರೆತಂದ. ಆಮೇಲೆ ಅವಳು ಕಂಡ ಭತ್ತವೆಂದರೆ ಒನಕೆಯ ಕೆಳಗಿನದ್ದು ಮಾತ್ರ. ಈಗ ಗದ್ದೆಯ ಯಜಮಾನ ಸುಗ್ಗಿ ಕೊಯ್ಲು ಮುಗಿಸಿ, “ಏಣೆಲು ಬಿತ್ತನೆಯವರೆಗೆ ಕಾಯ್ತೇನೆ ಅಕ್ಕ. ಮತ್ತೆ ನನ್ನನ್ನು ದೂರ್ಲಿಕ್ಕಿಲ್ಲ” ಎಂದಿದ್ದ. ಏಣೆಲು ಮಳೆಗಾಲದ ಮೊದಲ ಬೆಳೆ. ಮಳೆ ಬೀಳುವುದರೊಳಗೆ ಉರ್ವದ ಮನೆ ಮಾರಿದರೆ ಗದ್ದೆ ನಮ್ಮದು, ಇಲ್ಲದಿದ್ದರೆ ಇನ್ನೊಬ್ಬರದು.

ಮಾರಬೇಕಾದ ಮನೆ ಎಂಥದ್ದು? ಕಟ್ಟಿಸಿದ ಆ ಸೋದರಮಾವ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಊರಿನ ಉಳಿದ ಕಾರ್ಖಾನೆಗಳಲ್ಲೂ ಅವನಿಗೆ ದೋಸ್ತಿಗಳಿದ್ದರು. ಯಾರನ್ನೂ ಬೇಸರಪಡಿಸಬಾರದೆಂದು ಎಲ್ಲರಿಂದಲೂ ಅಷ್ಟಷ್ಟು ಹಂಚು ತಂದು ಮಾಡಿಗೆ ಹೊದಿಸಿದ್ದ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಹಂಚಿಗೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ ಎಂಬ ಸಂಗತಿ ಕಾರ್ಖಾನೆಯ ಕೂಲಿಗಳಿಗೆಲ್ಲ ಗೊತ್ತಿತ್ತು, ಇವನಿಗೂ ಗೊತ್ತಿತ್ತು, ಆದರೆ ಸ್ನೇಹ ದೊಡ್ಡದು. ಹೀಗಾಗಿ ಎಲ್ಲೆಲ್ಲಿ ಒಬ್ಬ ದೋಸ್ತಿ ಮುಗಿದು ಇನ್ನೊಬ್ಬ ಶುರುವಾಗುತ್ತಿದ್ದನೋ ಅಲ್ಲಲ್ಲಿ ಮನೆ ಸೋರುತ್ತಿತ್ತು. ಚಾವಡಿಯಲ್ಲಿ ಸಾಗುವಾನಿಯ ಒಂದು ಭಾರೀ ಮೆಟ್ಟಿಲಿತ್ತು. ಮಾವ ಯಾರೋ ದೊರೆಯ ಬಂಗಲೆಯಲ್ಲಿ ಅಂಥದ್ದನ್ನು ನೋಡಿ ಬಂದು, ಮೊದಲು ಮೆಟ್ಟಿಲು, ಆಮೇಲೆ ಉಪ್ಪರಿಗೆ ಎಂದು ತೀರ್ಮಾನಿಸಿದ್ದ. ಉಪ್ಪರಿಗೆ ಏಳುವ ಮೊದಲು ಅವನೇ ಮೇಲೆ ಹೋದ. ಬಣ್ಣದ ಗಾಜಿನ ಒಂದು ಕಿಟಕಿಯೂ ಇತ್ತು. ಬೆಳಗ್ಗೆ ಗಂಜಿಗೆ ಕೂತವರ ಅರ್ಧ ಮುಖ ಹಸುರಾಗಿ, ಕಾಲರಾ ಬಡಿದವರ ಹಾಗೆ ಕಾಣುತ್ತಿತ್ತು. ನಮ್ಮಲ್ಲಿ ಮನೆ ಹೆಣ್ಣಿನ ಸಾಲಿನಲ್ಲಿ ಇಳಿಯುವ ಕ್ರಮ. ಮಾವನ ಮೆಟ್ಟಿಲು, ಸೋರುವ ಮಾಡು, ಕಾಲರಾ ಎಲ್ಲವೂ ಅಮ್ಮನಿಗೆ ಬಂದಿದ್ದವು.

ಆಗ ನನಗೆ ನಲವತ್ತು ದಾಟಿತ್ತು. ಬಂದರಿನಲ್ಲಿ ಗುಮಾಸ್ತನಾಗಿದ್ದೆ. ಚಿಂತೆ ಮಾಡುವುದು ನನ್ನ ಖಾಯಂ ಉದ್ಯೋಗ, ಗುಮಾಸ್ತಗಿರಿ ನಡುವೆ ಬಿಡುವಾದಾಗ. ಮನೆ ಮಾರಿ ಹೋಗದಿದ್ದರೆ ಎಂದು ಹೆದರಿದೆ. ಹೋದರೆ ವಾಮಂಜೂರಿನಿಂದ ಬಂದರಿಗೆ ಬರುವ ಬಸ್ಸು ಕೆಟ್ಟು ನಿಂತರೆ ಎಂದೂ ಹೆದರಿದೆ. ಆದರೆ ನಿಜವಾದ ಅಪಾಯ ಅಡಿಗೆ ಕೋಣೆಯಲ್ಲಿತ್ತು, ಅದು ನನಗೆ ಹೊಳೆದಿರಲಿಲ್ಲ.

ಮೊದಲು ಮನೆ ನೋಡಲು ಬಂದವರು ಕೋರ್ಟಿನಿಂದ ನಿವೃತ್ತರಾದ ಒಬ್ಬ ಹಿರಿಯರು. ಬೆಲ್ಲ, ನೀರು ಆಯಿತು. ಮನೆ ನೋಡಿದರು. ಮೆಚ್ಚಿದರು. ಅಷ್ಟರಲ್ಲಿ ಊಟದ ಎಲೆ ಬಿದ್ದಿತು. ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ಹುರಿದ ಕಾಣೆ ಮೀನು. ಉಂಡು ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಸಂಕೋಚದಿಂದ ಒಮ್ಮೆ ಮಾಡನ್ನೂ ಒಮ್ಮೆ ಅಮ್ಮನನ್ನೂ ನೋಡಿ, “ಮತ್ತೆ... ಬರ್ತೇನೆ ಅಮ್ಮ” ಎಂದು ಹೊರಟೇಬಿಟ್ಟರು.

“ಬೆಲೆ ಯಾಕೆ ಹೇಳಲಿಲ್ಲ?” ಎಂದು ನಾನು ಕೇಳಿದೆ.

“ಎಂತ ಮಾತು ಮಾರಾಯ! ನಮ್ಮ ಅನ್ನ ಉಂಡವರ ಹತ್ತಿರ ವ್ಯಾಪಾರ ಮಾಡುವುದುಂಟಾ? ಅವರು ಕಡಿಮೆ ಕೇಳಿದರೆ ಅವರಿಗೆ ನಾಚಿಕೆ. ನಾನು ಜಾಸ್ತಿ ಹೇಳಿದರೆ ನನಗೆ ನಾಚಿಕೆ.”

“ಹಾಗಾದರೆ ಊಟ ಹಾಕಬೇಡ.”

“ಹೊತ್ತಿಗೆ ಬಂದವರನ್ನು ಹಸಿದು ಕಳಿಸುವುದಾ? ನಿನ್ನ ತಲೆ ಸಮ ಉಂಟಾ?”

“ಊಟಕ್ಕಿಂತ ಮೊದಲೇ ಮಾತಾಡು.”

“ಜಗಲಿ ಹತ್ತುವ ಮೊದಲು ದುಡ್ಡಿನ ಮಾತು! ಜನ ಎಂತ ಹೇಳಿಯಾರು?”

ನಾನು ಉಪಾಯ ಹೂಡಿದೆ. ಮುಂದಿನ ಗಿರಾಕಿ, ಅತ್ತಾವರದ ಒಬ್ಬ ಡಾಕ್ಟರರನ್ನು, ಊಟದ ಹೊತ್ತು ತಪ್ಪಿಸಿ ಮಧ್ಯಾಹ್ನ ಕಳೆದ ಮೇಲೆ ಬರಹೇಳಿದೆ. ಅಮ್ಮ ನೀರುದೋಸೆ ಹುಯ್ದಳು. ಇದು ಊಟವಲ್ಲವಲ್ಲ, ಬರೀ ತಿಂಡಿ ಎಂದು ನಾನು ಒಳಗೆ ಹೋಗಿ ಪಿಸುಗುಟ್ಟಿದೆ. “ದೋಸೆ ಎಂತದ್ದರಲ್ಲಿ ಮಾಡುವುದು? ಅಕ್ಕಿಯಲ್ಲಿ ಅಲ್ವಾ?” ಎಂದಳು. ಡಾಕ್ಟರರು ದೋಸೆಯ ಜೊತೆ ಕೋಳಿ ಸಾರನ್ನು ಎರಡು ಸಲ ಹಾಕಿಸಿಕೊಂಡು, ಬೆಲೆಯ ಸುದ್ದಿ ಎತ್ತದೆ ಹೋದರು. ಮುಂದಿನ ಆದಿತ್ಯವಾರ ಹೆಂಡತಿಗೆ ತೋರಿಸಬೇಕೆಂದು ಬಂದರು. ಅದರ ಮುಂದಿನ ವಾರ ಭಾವನಿಗೆ ತೋರಿಸಬೇಕೆಂದು ಬಂದರು.

ನನ್ನ ಹೆಂಡತಿ ತೆಂಗಿನಕಾಯಿ ತುರಿಯುತ್ತಾ ಕೇಳಿದಳು: “ಇವರು ಬರುವುದು ಮನೆ ನೋಡ್ಲಿಕ್ಕಾ, ಕೋಳಿ ನೋಡ್ಲಿಕ್ಕಾ?”

ಹೀಗೆಯೇ ಬೇಸಗೆ ಕಳೆಯುತ್ತಾ ಬಂತು. ಒಂದು ದಿನ ವಾಮಂಜೂರಿನ ಯಜಮಾನ ಬಂದು, ಇನ್ನೊಂದು ಕಡೆಯವರು ಗದ್ದೆ ಕೇಳುತ್ತಿದ್ದಾರೆ ಎಂದು ಹೇಳಿಹೋದ. ಉಂಡೇ ಹೋದ, ಅದು ಬೇರೆ ಮಾತು. ಆ ದಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಅಮ್ಮ ಹೆದರಿದ್ದಾಳೆಂದು ನನಗೆ ತಿಳಿಯಿತು. ಹೆದರುವುದು ನನ್ನ ಇಲಾಖೆ. ಅದನ್ನು ಬೇರೆಯವರು ವಹಿಸಿಕೊಂಡರೆ ನನಗೆ ಕೈಕಾಲೇ ಆಡುವುದಿಲ್ಲ. “ಕ್ರಮ ಬಿಡ್ಲಿಕ್ಕೆ ಆಗ್ತದಾ ಮಗಾ?” ಎಂದು ಅವಳು ಕೇಳಿದಳು.

ಮರುವಾರ ಒಂದು ಜಟಕಾ ಬಂದು ಅಂಗಳದಲ್ಲಿ ನಿಂತಿತು. ಇಳಿದವರು ಕಡಲ ಬದಿಯ ಒಬ್ಬ ಹೆಂಗಸು; ಅಮ್ಮನದೇ ಪ್ರಾಯ, ಕಿವಿಯಲ್ಲಿ ಭಾರದ ಬೆಂಡೋಲೆ. ದೋಣಿ, ಬಲೆ, ಒಣಮೀನಿನ ವ್ಯಾಪಾರ ಎಲ್ಲ ಇದ್ದ ದೊಡ್ಡ ಸಂಸಾರದ ಯಜಮಾನ್ತಿ. ಪ್ರತಿ ಮಳೆಗಾಲ ಕಡಲು ಅವರ ಅಂಗಳವನ್ನು ತಿನ್ನುತ್ತಾ ಬಂದು, ಈಗ ಜಗಲಿಯ ಹತ್ತಿರ ಮುಟ್ಟಿತ್ತಂತೆ. ಬೆಲ್ಲದ ತುಂಡು ಬಾಯಿಗೆ ಹಾಕಿ ನೀರು ಕುಡಿದರು.

“ಒಂದು ಗಳಿಗೆ ಕೂತುಕೊಳ್ಳಿ, ಅನ್ನ ಆಗಿಯೇ ಉಂಟು” ಎಂದಳು ಅಮ್ಮ.

“ಬೇಡ ಅಕ್ಕ. ಇವತ್ತು ಸೋಮವಾರ ಅಲ್ವಾ? ನನಗೆ ಒಪ್ಪೊತ್ತು. ರಾತ್ರಿಗೇ ಊಟ.”

“ಅಯ್ಯೋ, ಒಂದು ದೋಸೆ ಆದರೂ...”

“ಏನೂ ಇಲ್ಲ.” ಆಕೆ ನಕ್ಕರು. “ಪೇಟೆಯಲ್ಲಿಡೀ ಮಾತುಂಟು ಅಕ್ಕ, ಉರ್ವದ ಆ ಮನೆಗೆ ಹೋದರೆ ಊಟ ಸಿಗ್ತದೆ, ಮನೆ ಸಿಗುವುದಿಲ್ಲ ಅಂತ. ಅದಕ್ಕೇ ನಾನು ಸೋಮವಾರ ನೋಡಿ ಬಂದದ್ದು.”

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಷ್ಟು ಖುಷಿಯನ್ನು ಅವಳ ಮುಖದಲ್ಲಿ ನಾನು ನನ್ನ ಮದುವೆಯ ದಿನವೂ ಕಂಡಿರಲಿಲ್ಲ.

ಬಂದವರು ಮೀನಿನ ಕಿವಿರು ಎತ್ತಿ ನೋಡುವ ಹಾಗೆ ಮನೆ ನೋಡಿದರು. ಮಾಡಿನ ಪಕ್ಕಾಸು ತಟ್ಟಿದರು, ಬಾವಿಗೆ ಇಣುಕಿದರು. “ಮಾಡು ಸೋರ್ತದಾ?”

ಈ ಪ್ರಶ್ನೆಗೆ ನಾನು ಜಾಣತನದ ಒಂದು ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ. ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅಮ್ಮ, “ಸೋರ್ತದೆ. ಪಾತ್ರೆ ಎಲ್ಲೆಲ್ಲಿ ಇಡಬೇಕೆಂದು ತೋರಿಸ್ತೇನೆ, ಬನ್ನಿ” ಎಂದಳು.

“ಈ ಮೆಟ್ಟಿಲು ಎಲ್ಲಿಗೆ?”

“ಎಲ್ಲಿಗೂ ಇಲ್ಲ.”

“ಎಲ್ಲಿಗೂ ಹೋಗದ ಮೆಟ್ಟಿಲಿಗೆ ನಾನು ದುಡ್ಡು ಕೊಡುವುದಾ?”

“ಹೋಗದಿದ್ದರೇನಾಯ್ತು? ಸಾಗುವಾನಿ ಸಾಗುವಾನಿಯೇ.”

“ಆಯ್ತು, ನನ್ನ ಹೆಣ್ಣುಮಕ್ಕಳಿಗೆ ಜಗಳ ಆಡಿ ಹೋಗಿ ಕೂರ್ಲಿಕ್ಕೆ ಒಂದು ಜಾಗ.” ಹಾಗೆನ್ನುತ್ತಲೇ ಆಕೆ ಒಂದು ಬೆಲೆ ಹೇಳಿದರು.

ಅಮ್ಮ ಸಾವಕಾಶವಾಗಿ, “ಅಷ್ಟಕ್ಕೆ ಬಾಗಿಲು ಮಾತ್ರ ಬರ್ತದೆ. ಜಟಕಾದಲ್ಲಿ ಹಿಡಿಸ್ತದಾ ನೋಡಿ” ಎಂದಳು.

ಆಕೆ ನಿಜಕ್ಕೂ ಎದ್ದು ಜಟಕಾದವರೆಗೆ ಹೋದರು. ನಾನು ಹಿಂದೆಯೇ ಓಡಿ, ಕಡಿಮೆಯಾದರೂ ಆದೀತು ಎನ್ನಲು ಬಾಯಿ ತೆರೆದೆ. ಹೆಂಡತಿ ನನ್ನ ಅಂಗಿಯ ಚುಂಗು ಹಿಡಿದು ಎಳೆದಳು. “ನೀವು ಒಳಗೆ ಬನ್ನಿ. ಅವರು ಹೋಗುವುದಿಲ್ಲ, ಚಪ್ಪಲಿ ಇಲ್ಲೇ ಉಂಟು.”

ಹೌದು, ಚಪ್ಪಲಿ ಜಗಲಿಯ ಕೆಳಗೇ ಇತ್ತು. ಬರಿಗಾಲಲ್ಲಿ ಹೋದ ಆಕೆ ಜಟಕಾದವನಿಗೆ ಏನೋ ಹೇಳಿ, ಬರಿಗಾಲಲ್ಲೇ ಹಿಂದೆ ಬಂದು ಕೂತರು. ಮುಂದಿನದ್ದು ನನಗೆ ಪೂರ್ತಿ ಅರ್ಥವಾಗಲಿಲ್ಲ. ಬೈದುಕೊಂಡರು, ನಕ್ಕರು, ಒಬ್ಬರ ಮೊಮ್ಮಕ್ಕಳನ್ನು ಇನ್ನೊಬ್ಬರು ವಿಚಾರಿಸಿಕೊಂಡರು. ಬೆಲೆ ಮಾತ್ರ ಯಾರ ಬಾಯಿಯಲ್ಲೂ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಕೊನೆಗೆ ವೀಳ್ಯ ಕೈಯಿಂದ ಕೈಗೆ ಬದಲಾದಾಗಲೇ ವ್ಯಾಪಾರ ಕುದುರಿತೆಂದು ನನಗೆ ಗೊತ್ತಾದದ್ದು.

“ನಾಳೆ ಊಟಕ್ಕೆ ಬರಬೇಕು” ಎಂದಳು ಅಮ್ಮ, ತಡೆಯಲಾರದೆ.

“ರಿಜಿಸ್ಟ್ರಿ ಆಗ್ಲಿ ಅಕ್ಕ. ಅಲ್ಲಿಯವರೆಗೆ ನಿಮ್ಮ ಬಾವಿಯ ನೀರು ಸಾಕು.”

ಜಾಣೆ. ರಿಜಿಸ್ಟ್ರಿ ಆದ ದಿನ ಬಂದು ಹೊಟ್ಟೆ ತುಂಬ ಉಂಡರು.

ಮೊದಲ ಮಳೆ ಬಿದ್ದ ವಾರ ನಾವು ವಾಮಂಜೂರಿನಲ್ಲಿದ್ದೆವು. ಅಮ್ಮ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು, ಮೊಳಕೆಯೊಡೆದ ಬೀಜವನ್ನು ಬೀಸಿ ಬೀಸಿ ಎರಚುತ್ತಿದ್ದಳು. ಅಷ್ಟು ವರ್ಷ ಬಿಟ್ಟ ಕೆಲಸ, ಕೈ ಮರೆತಿರಲಿಲ್ಲ. ನಾನು ಕೊಡೆ ಹಿಡಿದು ಗದ್ದೆಯಂಚಿನ ಹುಣಿಯ ಮೇಲೆ ನಿಂತು, ಅವಳಿಗೆ ಶೀತವಾದರೆ, ತೋಡು ಉಕ್ಕಿದರೆ, ಹಕ್ಕಿಗಳು ಬೀಜ ಹೆಕ್ಕಿದರೆ ಎಂದು ಒಂದೊಂದಾಗಿ ಯೋಚಿಸುತ್ತಿದ್ದೆ.

“ಅಲ್ಲಿ ನಿಂತು ಎಂತ ಲೆಕ್ಕ ಮಾಡ್ತಿ ಮಗಾ? ಆ ಇನ್ನೊಂದು ಬುಟ್ಟಿ ತಾ!”

ಬುಟ್ಟಿ ಎತ್ತಿಕೊಂಡು ಇಳಿದೆ. ಎರಡನೇ ಹೆಜ್ಜೆಗೇ ಬಲಗಾಲಿನ ಚಪ್ಪಲಿ ಕೆಸರಿನಲ್ಲಿ ಹೋಯಿತು. ಹುಡುಕಲು ಬಗ್ಗಿದರೆ ಬೀಜ ಚೆಲ್ಲುತ್ತಿತ್ತು. ಎಡಗಾಲಿನದ್ದನ್ನೂ ಅಲ್ಲೇ ಬಿಟ್ಟು ಮುಂದೆ ನಡೆದೆ.